ಬಾಹುಗಳ ಅಳತೆಯಿಂದ ಲಂಬಕೋನ ತ್ರಿಭುಜವನ್ನು ಗುರುತಿಸುವ ಬಗೆ

4, 7, 8 ಸೆಂ.ಮೀ. ಬಾಹುಗಳಿರುವ ತ್ರಿಭುಜವನ್ನು ರಚಿಸಿ, 8ರ ಎದುರಿನ ಕೋನವನ್ನು ನೋಡಿ. ಕಣ್ಣಿಗೆ ಅದು ಲಂಬಕೋನವೇ. ಆದರೆ 4² + 7² = 65, 8² = 64. ನಿಜವಾದ ಕೋನ ಸುಮಾರು 89°. ಹಾಗಾಗಿ ಚಿತ್ರ ನೋಡಿ ಉತ್ತರ ಬರೆಯಬಾರದು, ವರ್ಗಗಳನ್ನು ಲೆಕ್ಕ ಹಾಕಲೇಬೇಕು.

ಲಂಬಕೋನವಿದೆ ಎಂದು ಮೊದಲೇ ಗೊತ್ತಿದ್ದರೆ a² + b² = c² ಎನ್ನಲು ಪೈಥಾಗೊರಸ್ ಪ್ರಮೇಯ ಸಾಕು. ನಮಗೆ ಬೇಕಿರುವುದು ಅದರ ವಿಲೋಮ: a² + b² = c² ಆಗಿದ್ದರೆ c ಬಾಹುವಿನ ಎದುರಿನ ಕೋನ 90°. ಒಂದು ಹೇಳಿಕೆ ಸರಿಯಾದ ಮಾತ್ರಕ್ಕೆ ಅದರ ವಿಲೋಮವೂ ಸರಿ ಎನ್ನುವಂತಿಲ್ಲ. ಯೂಕ್ಲಿಡ್ ಕೂಡ ಇದನ್ನು ಬೇರೆಯಾಗಿಯೇ ಸಾಧಿಸಿದ. ಸಾಧನೆ ಬಹಳ ಚೆಲುವಾದದ್ದು. a ಮತ್ತು b ಬಾಹುಗಳ ನಡುವೆ 90° ಇರುವಂತೆ ಇನ್ನೊಂದು ತ್ರಿಭುಜ ರಚಿಸಿ. ಅದರ ವಿಕರ್ಣದ ವರ್ಗ a² + b², ಅಂದರೆ c². ಈಗ ಎರಡೂ ತ್ರಿಭುಜಗಳ ಮೂರು ಬಾಹುಗಳೂ ಸಮ. ಬಾ.ಬಾ.ಬಾ. (ಬಾಹು-ಬಾಹು-ಬಾಹು) ನಿಯಮದಂತೆ ಅವು ಸರ್ವಸಮ, ಆದ್ದರಿಂದ ನಮ್ಮ ತ್ರಿಭುಜದಲ್ಲೂ ಆ ಕೋನ 90°.

ಲೆಕ್ಕದಲ್ಲಿ ಮೊದಲ ಕೆಲಸ ಅತಿ ಉದ್ದದ ಬಾಹುವನ್ನು ಹುಡುಕುವುದು. ಅಳತೆಗಳನ್ನು ಏರಿಕೆ ಕ್ರಮದಲ್ಲಿ ಕೊಟ್ಟಿರಲೇಬೇಕೆಂದಿಲ್ಲ. 3, 4, √7 ಎಂದು ಕೊಟ್ಟಾಗ 7 ಕಂಡು ಮೋಸಹೋಗಬೇಡಿ: √7 ಸುಮಾರು 2.6, ದೊಡ್ಡದು 4. 7 + 9 = 16, ಇದು ಲಂಬಕೋನ ತ್ರಿಭುಜ.

ಸಂಖ್ಯೆಗಳು ದೊಡ್ಡದಾದರೆ ಮೊದಲು ಸಾಮಾನ್ಯ ಅಪವರ್ತನವನ್ನು ತೆಗೆಯಿರಿ. 45, 60, 75 ಎಂದರೆ 15ರಿಂದ ಭಾಗಿಸಿದ 3, 4, 5 ಅಷ್ಟೇ. ಅಪವರ್ತನ ಸಿಗದಿದ್ದಾಗ ನನಗೆ ಅತ್ಯಂತ ಇಷ್ಟವಾದ ದಾರಿ c² − b² = (c − b)(c + b). 20, 99, 101ನ್ನು ನೋಡಿ. 101 ಮತ್ತು 99ರ ವರ್ಗಗಳನ್ನು ಗುಣಿಸಿ ಕೂರುವ ಅಗತ್ಯವಿಲ್ಲ: 2 × 200 = 400 = 20². ಪ್ರಾಚೀನ ಭಾರತದ ಜ್ಯಾಮಿತಿ ಗ್ರಂಥವಾದ ಬೌಧಾಯನ ಶುಲ್ಬಸೂತ್ರದಲ್ಲಿ ಬರುವ 12, 35, 37ನ್ನೂ ಹೀಗೆಯೇ ಬಾಯಲ್ಲೇ ಪರೀಕ್ಷಿಸಬಹುದು: 2 × 72 = 144 = 12². 

ಸಮವಾಗದಿದ್ದರೂ ಲೆಕ್ಕ ವ್ಯರ್ಥವಲ್ಲ. 6, 7, 9ರಲ್ಲಿ 85 > 81, ದೊಡ್ಡ ಕೋನ 90°ಗಿಂತ ಕಡಿಮೆ; ಇದು ಲಘುಕೋನ ತ್ರಿಭುಜ. 4, 5, 7ರಲ್ಲಿ 41 < 49, ಇದು ವಿಶಾಲಕೋನ ತ್ರಿಭುಜ. ಹೀಗೆ ಮೊತ್ತ ಕಡಿಮೆ ಬಂದಾಗ ಮಾತ್ರ ಒಂದು ಎಚ್ಚರ ಬೇಕು. 2, 3, 6ರಲ್ಲೂ 13 < 36, ಆದರೆ 2 + 3 ಆರನ್ನು ಮುಟ್ಟುವುದೇ ಇಲ್ಲ. ಅಲ್ಲಿ ತ್ರಿಭುಜವೇ ಆಗದು. a² + b² = c² ಆದಾಗ ಈ ಪರೀಕ್ಷೆ ಬೇಡ, ಏಕೆಂದರೆ (a + b)²ನಲ್ಲಿ 2ab ಹೆಚ್ಚಾಗಿರುವುದರಿಂದ a + b ಯಾವಾಗಲೂ cಗಿಂತ ದೊಡ್ಡದು.