ಸೂರಿನ ಕಿಂಡಿ, ಮಾಡಿನ ಹಿಮ: '300ಕ್ಕೆ ಒಂದು' ಎಂಬ ಲೆಕ್ಕ ಬಂದದ್ದೆಲ್ಲಿಂದ?

2015ರ ಫೆಬ್ರುವರಿಯಲ್ಲಿ ಬಾಸ್ಟನ್‌ನಲ್ಲಿ ಒಂದೇ ತಿಂಗಳಿಗೆ 64.8 ಇಂಚು ಹಿಮ ಬಿತ್ತು. ಐದಡಿಗಿಂತ ಜಾಸ್ತಿ. ಆ ದಿನಗಳಲ್ಲಿ ನಮ್ಮ ಮನೆಯ ಊಟದ ಕೋಣೆಯ ಕಿಟಕಿ ಚೌಕಟ್ಟಿನಿಂದ ನೀರು ತೊಟ್ಟಿಕ್ಕತೊಡಗಿತು. ಕೆಳಗೆ ಒಂದರ ಪಕ್ಕ ಒಂದು ಪಾತ್ರೆ ಇಟ್ಟೆವು. ಹೊರಗೆ ಮೈನಸ್ 10 ಡಿಗ್ರಿ. ಅಂಥ ಚಳಿಯಲ್ಲಿ ನೀರು ಬರುವುದಾದರೂ ಎಲ್ಲಿಂದ? ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಅಲ್ಲಿ ಜಾಕೆಟ್ ಬಿಚ್ಚುವಷ್ಟು ಬೆಚ್ಚಗಿತ್ತು.

ಸೂರಿನಂಚಿನಲ್ಲಿ ಐಸ್ ಕಟ್ಟೆಯಾಗಿ ನೀರಿಗೆ ಅಡ್ಡ ನಿಲ್ಲುವುದಕ್ಕೆ ಐಸ್ ಡ್ಯಾಮ್ ಎನ್ನುತ್ತಾರೆ. ಅದು ಹುಟ್ಟುವುದು ಆ ಬಿಸಿಯಿಂದ. ಕೆಳಗಿನ ಕೋಣೆಗಳ ಶಾಖ ಅಟ್ಟಕ್ಕೆ ಏರುತ್ತದೆ, ಅಲ್ಲಿಂದ ಮಾಡಿನ ಹಲಗೆಗೆ ತಾಗುತ್ತದೆ. ಮೇಲೆ ಕೂತ ಹಿಮದ ತಳ ಮೆಲ್ಲಗೆ ಕರಗಿ, ನೀರು ಹಿಮದಡಿಯಲ್ಲೇ ಇಳಿಜಾರು ಹಿಡಿದು ಜಾರುತ್ತದೆ. ಆದರೆ ಸೂರು ಗೋಡೆಯಿಂದ ಆಚೆ ಚಾಚಿರುವ ಭಾಗ. ಅದರ ಕೆಳಗೆ ಮನೆ ಇಲ್ಲ, ಬರೀ ಚಳಿಗಾಳಿ. ನೀರು ಅಲ್ಲಿಗೆ ಬಂದು ಹೆಪ್ಪುಗಟ್ಟುತ್ತದೆ. ದಿನದಿನಕ್ಕೆ ಬೆಳೆದು ಕಟ್ಟೆಯಾಗುತ್ತದೆ. ಕಟ್ಟೆಯ ಹಿಂದೆ ನೀರು ನಿಲ್ಲುತ್ತದೆ. ಹೆಂಚಿನ ಬದಲು ಮಾಡಿಗೆ ಹೊದಿಸುವ ಡಾಂಬರಿನ ಶಿಂಗಲ್ ಹರಿಯುವ ನೀರನ್ನು ದಾಟಿಸುತ್ತದೆ, ನಿಂತ ನೀರನ್ನು ತಡೆಯಲಾರದು. ಮಲೆನಾಡಿನ ಹೆಂಚಿನ ಮಾಡೂ ಹಾಗೆಯೇ ಅಲ್ವಾ? ತರಗೆಲೆ ತುಂಬಿ ನೀರು ಹಿಂದಕ್ಕೆ ಕಟ್ಟಿಕೊಂಡರೆ ಹೆಂಚಿನ ಸಂದಿಯಿಂದ ಒಳಗೆ ಇಳಿಯುತ್ತದೆ.

ಪರಿಹಾರ ಏನು ಎಂದು ಯಾರನ್ನು ಕೇಳಿದರೂ ಒಂದೇ ಮಾತು: ಸೂರಿನ ಅಡಿಯಲ್ಲಿ ಕಿಂಡಿ ಬಿಡಿ, ಮಾಡಿನ ನೆತ್ತಿಯಲ್ಲಿ ಇನ್ನೊಂದು ಬಿಡಿ. ತಣ್ಣನೆ ಗಾಳಿ ಕೆಳಗಿನಿಂದ ಹೊಕ್ಕು, ಬಿಸಿಯನ್ನು ಹೊತ್ತುಕೊಂಡು ಮೇಲಿನಿಂದ ಹೋಗಲಿ. ಅಟ್ಟದ ವಿಸ್ತೀರ್ಣ 300 ಚದರಡಿ ಇದ್ದರೆ 1 ಚದರಡಿ ಕಿಂಡಿ. ಅಮೆರಿಕದ ಕಟ್ಟಡ ನಿಯಮಗಳಲ್ಲಿ ಈ ಲೆಕ್ಕ ಇಂದಿಗೂ ಇದೆ. ಆದರೆ ಇದು ಬಂದದ್ದು ಐಸ್‌ಗಾಗಿ ಅಲ್ಲ. ಇದನ್ನು ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

1930ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಇನ್ಸುಲೇಷನ್, ಅಂದರೆ ಶಾಖ ಸೋರದಂತೆ ತಡೆಯುವ ಹಾಸು, ತುಂಬುವ ರೂಢಿ ಹಬ್ಬುತ್ತಿತ್ತು. ಅಂಥ ಮನೆಗಳ ಹೊರಗೋಡೆಯ ಬಣ್ಣ ಸುಲಿಯತೊಡಗಿತು. ಇನ್ಸುಲೇಷನ್ ನೀರು ಎಳೆಯುತ್ತದೆ ಎಂದು ಬಣ್ಣ ಬಳಿಯುವವರು ದೂರಿದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ರೌಲಿ ಅವರು ಚಳಿಯಲ್ಲಿ ಗೋಡೆ ಮತ್ತು ಅಟ್ಟದೊಳಗೆ ತೇವ ಹೇಗೆ ಕೂರುತ್ತದೆ ಎಂದು ಪರೀಕ್ಷಿಸಿದರು. ಅಟ್ಟದಲ್ಲಿ ಗಾಳಿಯಾಡಿದರೆ ತೇವ ಕಡಿಮೆ ಎಂಬುದು ಕಂಡುಬಂತು. 1942ರಲ್ಲಿ, ಮನೆಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ತನ್ನ ಕನಿಷ್ಠ ನಿಯಮಗಳಲ್ಲಿ 300ಕ್ಕೆ ಒಂದು ಎಂದು ಬರೆಯಿತು. ಯಾಕೆ 300 ಎಂಬುದಕ್ಕೆ ಅಲ್ಲಿ ವಿವರಣೆ ಇಲ್ಲ. ಸಾಲದ ವಿಮೆ ಬೇಕಾದವರೆಲ್ಲ ಅದನ್ನು ಪಾಲಿಸಿದರು. ಅದೇ ಮುಂದೆ ಕಟ್ಟಡ ನಿಯಮಗಳಿಗೂ ಹೋಯಿತು. ಆ ಹೊತ್ತಿಗೆ ಎಲ್ಲರ ತಲೆಯಲ್ಲಿದ್ದದ್ದು ತೇವ. ಐಸ್ ಅಲ್ಲ.

ಈ ಲೆಕ್ಕದ ಬೇರು ಹುಡುಕಿದವರು ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ಮತ್ತು ಅಮೆರಿಕ ಸರ್ಕಾರದ ಅರಣ್ಯ ಉತ್ಪನ್ನ ಪ್ರಯೋಗಾಲಯದ ಆಂಟನ್ ಟೆನ್‌ವೋಲ್ಡೆ. 1999ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿದ್ದು ಇಷ್ಟು: ನಿಯಮದ ಹಿಂದಿನ ಆಧಾರ ತೆಳು. ಕಿಂಡಿ ಸುಮ್ನೆ ದಂಡ ಎಂದು ಅವರು ಹೇಳಲಿಲ್ಲ. ಎಲ್ಲ ಹವೆಗೂ, ಎಲ್ಲ ಮನೆಗೂ ಒಂದೇ ಲೆಕ್ಕ ಯಾಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಐಸ್ ಕುರಿತೇ ನೇರವಾಗಿ ಅಳೆದ ಒಂದು ಮುಖ್ಯ ಕೆಲಸ ಆಗಿದ್ದು ಬಹಳ ತಡವಾಗಿ, ಅದೂ ಸೇನೆಯ ಕಟ್ಟಡಗಳಲ್ಲಿ. ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿ, ಒಂಟಾರಿಯೊ ಸರೋವರದ ಹತ್ತಿರ ಫೋರ್ಟ್ ಡ್ರಮ್ ಎಂಬ ಸೇನಾ ನೆಲೆ ಇದೆ. ಸರೋವರದ ಮೇಲಿಂದ ಬರುವ ಗಾಳಿ ಅಲ್ಲಿ ರಾಶಿ ರಾಶಿ ಹಿಮ ಸುರಿಸುತ್ತದೆ. 1980ರ ದಶಕದಲ್ಲಿ ಅಲ್ಲಿ ಎದ್ದ ಹೊಸ ಕಟ್ಟಡಗಳ ಸೂರಿನಲ್ಲಿ ದೊಡ್ಡ ದೊಡ್ಡ ಐಸ್ ಕಟ್ಟೆಗಳು ಬೆಳೆದವು. ಸೇನೆಯ ಶೀತಪ್ರದೇಶ ಸಂಶೋಧನಾಲಯದ ವೇಯ್ನ್ ಟೋಬಿಯಾಸನ್ ಮತ್ತು ಜೊತೆಗಾರರು ಅಟ್ಟಗಳಲ್ಲಿ ಉಷ್ಣಾಂಶ ಅಳೆಯುತ್ತ, ಸೂರಿನಲ್ಲಿ ಐಸ್ ಯಾವಾಗ ಬೆಳೆಯುತ್ತದೆ ಎಂದು ಹೋಲಿಸಿದರು. 1994ರಲ್ಲಿ ಫಲ ಪ್ರಕಟವಾಯಿತು. ಹೊರಗೆ 22 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ, ಅಂದರೆ ಸುಮಾರು ಮೈನಸ್ 5.5 ಸೆಲ್ಸಿಯಸ್. ಅದೇ ಹೊತ್ತಿಗೆ ಅಟ್ಟದೊಳಗೆ 30 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು, ಅಂದರೆ ಸುಮಾರು ಮೈನಸ್ 1. ಇವೆರಡೂ ಒಟ್ಟಿಗೆ ಬಂದರೆ ತೊಂದರೆ ಕೊಡುವ ಐಸ್ ಬೆಳೆಯುತ್ತದೆ.

ಇದು ಕೈಗೆ ಸಿಗುವ ಗುರಿ. ಹೊರಗೆ 22 ಇದ್ದಾಗ ಅಟ್ಟ 30 ದಾಟದಷ್ಟು ಗಾಳಿ ಆಡಿಸಿದರೆ ಸಾಕು. ಮನೆಯಿಂದ ಎಷ್ಟು ಬಿಸಿ ಅಟ್ಟಕ್ಕೆ ಸೋರುತ್ತದೆ ಎಂಬುದರ ಮೇಲೆ ಕಿಂಡಿಯ ಅಳತೆ ನಿಂತಿದೆ. ಸೋರಿಕೆ ಜಾಸ್ತಿಯಾದರೆ 300ಕ್ಕೆ ಒಂದು ಸಾಲದು. ಸೋರಿಕೆ ಕಡಿಮೆಯಾದರೆ ಅಷ್ಟೂ ಬೇಕಾಗದಿರಬಹುದು.

ಸೋರಿಕೆ ಎಲ್ಲಿಂದ ಎಂಬುದು 1970ರ ದಶಕದಲ್ಲೇ ಗೊತ್ತಾಗಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಎಲ್ಲರೂ ಅಟ್ಟಕ್ಕೆ ದಪ್ಪ ಇನ್ಸುಲೇಷನ್ ಹಾಸಿದರು. ನ್ಯೂಜರ್ಸಿಯ ಟ್ವಿನ್ ರಿವರ್ಸ್ ಬಡಾವಣೆಯ ಮನೆಗಳನ್ನು ಅಳೆದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರಿಗೆ, ಅಷ್ಟು ಹಾಸಿದರೂ ಅಟ್ಟದ ಮೂಲಕ ಶಾಖ ಲೆಕ್ಕಕ್ಕಿಂತ ಬಹಳ ಹೆಚ್ಚು ಹೋಗುವುದು ಕಂಡಿತು. ಚಿಮಣಿಯ ಸುತ್ತಲಿನ ಸಂದು, ಪೈಪು ಹಾದ ತೂತು, ಒಳಗೋಡೆಯ ಟೊಳ್ಳು. ಬಿಸಿ ಗಾಳಿ ಈ ದಾರಿಗಳಲ್ಲಿ ಇನ್ಸುಲೇಷನ್ ತಪ್ಪಿಸಿ ಮೇಲೇರುತ್ತಿತ್ತು.

ನಮ್ಮ ಅಟ್ಟದಲ್ಲೂ ಅದೇ. ಗುಲಾಬಿ ಬಣ್ಣದ ಗಾಜಿನ ಹತ್ತಿಯ ಮೇಲೆ ಅಲ್ಲಲ್ಲಿ ಕಪ್ಪು ಕಲೆ. ಎತ್ತಿ ನೋಡಿದರೆ ಅಡಿಯಲ್ಲಿ ದೀಪದ ತೂತು ಅಥವಾ ಪೈಪಿನ ಸಂದಿ. ವರ್ಷಗಟ್ಟಲೆ ಮೇಲೇರಿದ ಗಾಳಿಯ ಧೂಳನ್ನು ಹತ್ತಿ ಸೋಸಿ ಹಿಡಿದಿತ್ತು. ಮಾಡಿನಿಂದ ಇಳಿದ ಮೊಳೆಗಳ ತುದಿಯಲ್ಲಿ ನೀರಿನ ಹನಿ ಕಟ್ಟಿತ್ತು. ಬಚ್ಚಲುಮನೆಯ ಫ್ಯಾನ್ ತನ್ನ ಹಬೆಯನ್ನು ಹೊರಗೆ ಬಿಡದೆ ಅಟ್ಟಕ್ಕೇ ಬಿಡುತ್ತಿತ್ತು. ಸೂರಿನ ಮೂಲೆಗೆ ತೆವಳಿಕೊಂಡು ಹೋದೆ. ಅಲ್ಲಿ ಕಿಂಡಿಗಳಿದ್ದವು, ಸರಿಯಾದ ಅಳತೆಯಲ್ಲೇ ಇದ್ದವು. ಆದರೆ ಇನ್ಸುಲೇಷನ್ ತುಂಬಿದವರು ಅದನ್ನು ಕಿಂಡಿಗೇ ಒತ್ತಿಬಿಟ್ಟಿದ್ದರು. ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಮಾಡು ಗೋಡೆಗೆ ಬಂದು ಕೂಡುವ ಆ ಇಕ್ಕಟ್ಟಿನಲ್ಲೇ ಇನ್ಸುಲೇಷನ್ ಅತಿ ತೆಳು, ಗಾಳಿಗೂ ಅದೇ ಬಾಗಿಲು. ಕೆಲವು ಹೊಸ ಮನೆಗಳಲ್ಲಿ ಈ ತುದಿಯನ್ನು ಎತ್ತರಿಸಿ ಕಟ್ಟುವುದು ಅದಕ್ಕೇ.

ಸೂರಿನ ಮೇಲೆ ಶಿಂಗಲ್ ಅಡಿಗೆ ಅಂಟಿಸುವ ಡಾಂಬರಿನ ಹಾಳೆಯೂ ಇದೆ. ಚಳಿ ಪ್ರದೇಶಗಳ ನಿಯಮದಲ್ಲಿ ಅದು ಹೊರಗೋಡೆಯ ಒಳಭಾಗದಿಂದ ಕನಿಷ್ಠ 24 ಇಂಚು ಒಳಕ್ಕೆ ಹೋಗಬೇಕು. ಒಳ್ಳೆಯದೇ, ಇರಲಿ. ಅದು ನೀರನ್ನು ತಡೆಯುತ್ತದೆ, ಐಸನ್ನಲ್ಲ. ಸೂರಿಗೆ ಸುತ್ತುವ ಬಿಸಿ ತಂತಿಯ ಬಗ್ಗೆ ನನಗೆ ಒಲವಿಲ್ಲ. ಕರೆಂಟ್ ಬಿಲ್ ಏರುತ್ತದೆ, ಕಟ್ಟೆಯಲ್ಲಿ ಒಂದು ಕಾಲುವೆ ಕೊರೆಯುತ್ತದೆ, ಅಟ್ಟದ ಬಿಸಿ ಹಾಗೇ ಉಳಿಯುತ್ತದೆ.

ಅಟ್ಟವಿಲ್ಲದೆ ಮಾಡಿನ ಇಳಿಜಾರೇ ಛಾವಣಿಯಾದ ಮನೆಗಳಲ್ಲಿ ಗಾಳಿಗೆ ದಾರಿ ಮಾಡುವುದು ಕಷ್ಟ. ಷರತ್ತುಗಳೊಡನೆ, ಕಿಂಡಿಯೇ ಇಲ್ಲದ ಮಾಡಿಗೂ ಅಮೆರಿಕದ ನಿಯಮ 2000ರ ದಶಕದ ಮಧ್ಯದಿಂದ ಅವಕಾಶ ಕೊಟ್ಟಿದೆ. ಹಿಮವೇ ಒಂದು ಕಂಬಳಿ, ಎರಡಡಿ ಕೂತರೆ ಕೆಳಗಿನ ಹಲಗೆ ಬೆಚ್ಚಗಾಗಿಯೇ ಆಗುತ್ತದೆ. ಹಾಗಾಗಿ ತುಂಬ ಹಿಮ ಬೀಳುವ ಕಡೆ ಇಂಥ ಮಾಡಿನಲ್ಲೂ ಶಿಂಗಲ್ ಕೆಳಗೆ ಗಾಳಿಯಾಡುವ ಒಂದು ಪದರ ಬಿಡುವುದು ಒಳ್ಳೆಯದು.

ನಮ್ಮ ಅಟ್ಟದಲ್ಲಿ ಮೊದಲು ಸಂದಿಗಳನ್ನು ಮುಚ್ಚಿಸಿದೆವು. ಫ್ಯಾನಿನ ಕೊಳವೆಯನ್ನು ಹೊರಗೆ ತಿರುಗಿಸಿದೆವು. ಆಮೇಲೆ ಸೂರಿನ ಪ್ರತಿ ಎರಡು ಪಕಾಸುಗಳ ನಡುವೆ ದೋಣಿಯಂತೆ ಬಾಗಿದ ಒಂದೊಂದು ಗಟ್ಟಿ ರಟ್ಟು ಸಿಕ್ಕಿಸಿ ಗಾಳಿಗೆ ದಾರಿ ಬಿಟ್ಟೆವು, ಕೊನೆಗೆ ಇನ್ಸುಲೇಷನ್ ಹೆಚ್ಚಿಸಿದೆವು. ಮರುವರ್ಷ ಹಿಮ ಬಿದ್ದ ಎರಡು ದಿನಕ್ಕೆ ರಸ್ತೆಗೆ ಹೋಗಿ ಮನೆಯತ್ತ ತಿರುಗಿ ನೋಡಿದೆ. ಹೀಟರ್ ಇಲ್ಲದ ಗ್ಯಾರೇಜಿನ ಮೇಲೆ ಎಷ್ಟು ಹಿಮ ಇತ್ತೋ, ನಮ್ಮ ಮಾಡಿನ ಮೇಲೂ ಅಷ್ಟೇ ಇತ್ತು. ನೆತ್ತಿಯಿಂದ ಸೂರಿನವರೆಗೆ ಒಂದೇ ಸಮ. ಚಿಮಣಿಯ ಬುಡದಲ್ಲಿ ಮಾತ್ರ ಒಂದು ಮೊಳದಷ್ಟು ಜಾಗ ಕರಗಿ ಕಪ್ಪಗೆ ಕಾಣುತ್ತಿತ್ತು. ಅಲ್ಲೊಂದು ಸಂದಿ ಇನ್ನೂ ಬಾಕಿ ಇದೆ.