ಲಾಗ್ ಎಂದರೆ ಯಾವ ಲಾಗ್?

ಸರ್ವರ್ ಕೈಕೊಟ್ಟ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ‘ಲಾಗ್ ನೋಡಿದ್ರಾ?’ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ಕೆಲಸವಾಗಿರುವ ನಾನು ತಿರುಗಿ ಕೇಳುವುದು ‘ಯಾವ ಲಾಗ್?’ ಎಂದು. ಪ್ರೋಗ್ರಾಂ ಬರೆಯುವವರ ಮನಸ್ಸಿನಲ್ಲಿರುವುದು ದೋಷ ಹುಡುಕಲು ಬರೆಸಿಟ್ಟ ಸಾಲುಗಳು. ಭದ್ರತೆ ನೋಡುವವರಿಗೆ ಬೇಕಾದದ್ದು ಯಾರು ಯಾವಾಗ ಒಳಗೆ ಬಂದರು, ಏನನ್ನು ಮುಟ್ಟಿದರು ಎಂಬ ದಾಖಲೆ. ಡೇಟಾಬೇಸ್‌ನವರು ಹೇಳುವ ಲಾಗ್ ಇವೆರಡೂ ಅಲ್ಲ, ಅದರ ಕಥೆಯೇ ಬೇರೆ.

ಪದ ಹುಟ್ಟಿದ್ದು ಹಡಗಿನಲ್ಲಿ. ಇಂಗ್ಲಿಷಿನಲ್ಲಿ ಲಾಗ್ ಎಂದರೆ ಮರದ ದಿಮ್ಮಿ. ನಡುಸಮುದ್ರದಲ್ಲಿ ವೇಗ ತಿಳಿಯಲು ನಾವಿಕರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. 1574ರಲ್ಲೇ ಇಂಗ್ಲೆಂಡಿನ ವಿಲಿಯಂ ಬೋರ್ನ್ ಈ ವಿಧಾನವನ್ನು ವಿವರಿಸಿದ್ದಾನೆ. ಬರಬರುತ್ತಾ ಅದು ಹದಕ್ಕೆ ಬಂತು: ಕಾಲುವೃತ್ತದ ಆಕಾರದ ಹಲಗೆ, ನೀರಿನಲ್ಲಿ ನೆಟ್ಟಗೆ ನಿಲ್ಲಲೆಂದು ಬಾಗಿದ ಅಂಚಿಗೆ ಸೀಸದ ಭಾರ, ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. ಹಲಗೆ ಬಿದ್ದಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವೋ ಅಷ್ಟು ‘ನಾಟ್’ ವೇಗ. ನಾಟ್ ಎಂದರೆ ಗಂಟೇ. ಹಡಗು, ವಿಮಾನಗಳ ವೇಗವನ್ನು ಈಗಲೂ ಅದರಲ್ಲೇ ಹೇಳುತ್ತಾರೆ; ಒಂದು ನಾಟ್ ಗಂಟೆಗೆ 1.852 ಕಿಲೋಮೀಟರ್‌ಗೆ ಸಮ.

ಹೀಗೆ ಅಳೆದದ್ದನ್ನು ಹೊತ್ತು, ದಿಕ್ಕು, ಗಾಳಿಯ ವಿವರದೊಂದಿಗೆ ಬರೆದಿಡುತ್ತಿದ್ದ ಪುಸ್ತಕ ಲಾಗ್‌ಬುಕ್. ಕ್ರಮೇಣ ‘ಬುಕ್’ ಉದುರಿಹೋಗಿ, ಮರದ ತುಂಡಿನ ಹೆಸರು ಬರಹಕ್ಕೇ ಅಂಟಿಕೊಂಡಿತು. ಒಳ್ಳೆಯ ಲಾಗ್‌ಗೆ ಇವತ್ತಿಗೂ ಆ ಪುಸ್ತಕದ ಗುಣವೇ ಇರಬೇಕು. ಮೊದಲು ಸಮಯ, ಆಮೇಲೆ ಕಂಡದ್ದು; ಬರೆದದ್ದನ್ನು ತಿದ್ದುವ ಹಾಗಿಲ್ಲ, ಹೊಸದೇನಿದ್ದರೂ ಕೊನೆಗೇ ಸೇರಬೇಕು. ‘ಏನೋ ತಪ್ಪಾಗಿದೆ’ ಎಂದಷ್ಟೇ ಬರೆದು ಸುಮ್ಮನಾಗುವ ಪ್ರೋಗ್ರಾಂ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದೇ ಜಾಗದಲ್ಲಿ ‘02:14:07, ಪಾವತಿ ಸೇವೆ, ರಿಕ್ವೆಸ್ಟ್ 8813, 30 ಸೆಕೆಂಡ್ ಕಾದರೂ ಡೇಟಾಬೇಸ್ ಉತ್ತರಿಸಲಿಲ್ಲ’ ಎಂದಿದ್ದರೆ ನಡುರಾತ್ರಿ ಎದ್ದು ಕೂತವರಿಗೆ ಎಲ್ಲಿಂದ ಹುಡುಕಬೇಕು ಎಂಬುದಾದರೂ ಗೊತ್ತಾಗುತ್ತದೆ.

ಲಾಗಿನ್ ಕೂಡ ಇದೇ ವಂಶದ್ದು. 1960ರ ದಶಕದಲ್ಲಿ ಒಂದು ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದಾಗ, ಯಾರು ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಇಡಬೇಕಿತ್ತು. ಬಂದದ್ದರ ನಮೂದು ಲಾಗಿನ್, ಹೊರಟದ್ದರ ನಮೂದು ಲಾಗೌಟ್. 1969ರ ಅಕ್ಟೋಬರ್ 29ರಂದು ಇಂಟರ್ನೆಟ್‌ಗೆ ಮೂಲವಾದ ಆರ್ಪಾನೆಟ್ ಜಾಲದಲ್ಲಿ ಮೊದಲು ಕಳಿಸಲು ಹೊರಟದ್ದೂ ಇದೇ ಪದವನ್ನು. ಎಲ್, ಓ ಎಂಬ ಎರಡಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ನಿಂತುಹೋಯಿತು! ಬ್ಲಾಗ್ ಆದರೂ ಅಷ್ಟೆ: 1997ರ ‘ವೆಬ್‌ಲಾಗ್’ ಎರಡು ವರ್ಷದಲ್ಲಿ ಮೊಟಕಾಯಿತು.

ಗಣಿತದ ಲಾಗ್ ಮಾತ್ರ ಈ ಮನೆಯದಲ್ಲ. 1614ರಲ್ಲಿ ಜಾನ್ ನೇಪಿಯರ್ ಗ್ರೀಕಿನ ಲೋಗೋಸ್ (ಅನುಪಾತ), ಅರಿತ್ಮೋಸ್ (ಸಂಖ್ಯೆ) ಎಂಬ ಪದಗಳನ್ನು ಕೂಡಿಸಿ ಲಾಗರಿದಮ್ ಎಂದು ಕರೆದ. ಅದರ ಗಿಡ್ಡ ರೂಪ ಇದು. ‘ಲಾಗ್‌ನ ಗ್ರಾಫ್ ಕೊಡಿ’ ಎಂದು ಯಾರಾದರೂ ಕೇಳಿದರೆ, ದೋಷಗಳ ಎಣಿಕೆ ಬೇಕೋ ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಹೀಗೆ ಏರುವ ಲಾಗ್ ಸ್ಕೇಲ್ ಬೇಕೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಡೇಟಾಬೇಸ್‌ನ ಲಾಗ್. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಂದು ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆಯುತ್ತದೆ. ಆ ಬರಹ ಡಿಸ್ಕ್‌ಗೆ ಇಳಿದದ್ದು ಖಾತ್ರಿಯಾದ ಮೇಲೆಯೇ ‘ಆಯಿತು’ ಎನ್ನುತ್ತದೆ; ಟೇಬಲ್‌ನ ಫೈಲ್‌ಗೆ ಅದು ಸೇರುವುದು ಆಮೇಲೆ, ನಿಧಾನವಾಗಿ. ನಡುವೆ ಕರೆಂಟ್ ಹೋದರೆ ಮತ್ತೆ ಎದ್ದಾಗ ಲಾಗ್ ಓದಿಕೊಂಡು ಉಳಿದ ಕೆಲಸ ಮುಗಿಸುತ್ತದೆ. ಅಂದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ನಿಮ್ಮ ಡೇಟಾ ಸುರಕ್ಷಿತವಾಗಿ ಇರುವುದೇ ಲಾಗ್‌ನಲ್ಲಿ. ಆ ಫೈಲ್‌ಗಳಿದ್ದ ಫೋಲ್ಡರ್‌ನ ಹೆಸರು ‘ಪಿಜಿ ಎಕ್ಸ್‌ಲಾಗ್’. ಡಿಸ್ಕ್ ತುಂಬಿದಾಗ ಕೆಲವರು ಹೆಸರು ನೋಡಿ, ಬೇಡದ ಹಳೇ ಲಾಗ್ ಎಂದುಕೊಂಡು ಅಳಿಸಿಬಿಟ್ಟರು. ಹೋದ ಡೇಟಾ ಮರಳಿ ಸಿಗಲಿಲ್ಲ. ಕೊನೆಗೆ 2017ರ 10ನೇ ಆವೃತ್ತಿಯಲ್ಲಿ ತಯಾರಕರು ಇದೇ ಕಾರಣ ಕೊಟ್ಟು ಹೆಸರನ್ನು ‘ಪಿಜಿ ವಾಲ್’ (ವಾಲ್ ಎಂದರೆ ರೈಟ್ ಅಹೆಡ್ ಲಾಗ್, ಮೊದಲೇ ಬರೆದಿಡುವ ಲಾಗ್) ಎಂದು ಬದಲಿಸಿದರು. ‘ಪಿಜಿ ಸಿಲಾಗ್’ ಎಂಬ ಇನ್ನೊಂದು ಫೋಲ್ಡರ್ ‘ಪಿಜಿ ಎಕ್ಸ್ಯಾಕ್ಟ್’ ಆಯಿತು. ಹಳೆಯ ಸ್ಕ್ರಿಪ್ಟ್‌ಗಳನ್ನೆಲ್ಲ ತಿದ್ದಬೇಕಾಗಿ ಬಂದರೂ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಎಚ್ಚರಿಕೆಯ ಸಾಲನ್ನು ಕೈಪಿಡಿಯಲ್ಲಿ ಎಷ್ಟು ದಪ್ಪಕ್ಷರದಲ್ಲಿ ಹಾಕಿದರೂ, ಗಾಬರಿಯಲ್ಲಿರುವವರ ಕಣ್ಣಿಗೆ ಬೀಳುವುದು ಫೋಲ್ಡರ್‌ನ ಹೆಸರೊಂದೇ.

ಪಿಜಿ ವಾಲ್ ಫೋಲ್ಡರ್ ಉಬ್ಬುತ್ತಿದ್ದರೆ ಸಾಮಾನ್ಯವಾಗಿ ಕಾರಣ ಬೇರೆ ಕಡೆ ಇರುತ್ತದೆ: ಡೇಟಾದ ನಕಲು ಇಟ್ಟುಕೊಳ್ಳುವ ರೆಪ್ಲಿಕಾ ಸರ್ವರ್ ಹಿಂದೆ ಬಿದ್ದಿರುತ್ತದೆ, ಇಲ್ಲವೇ ಲಾಗ್ ಫೈಲ್‌ಗಳನ್ನು ಬೇರೆಡೆ ನಕಲಿಸಿಡುವ, ಅಂದರೆ ಆರ್ಕೈವ್ ಮಾಡುವ ಕೆಲಸ ನಿಂತಿರುತ್ತದೆ. ಅದನ್ನು ಸರಿಪಡಿಸಿದರೆ ಪೋಸ್ಟ್‌ಗ್ರೆಸ್ ತಾನಾಗಿಯೇ ಹಳೆಯದನ್ನು ತೆಗೆಯುತ್ತದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಬದಲಾವಣೆಗಳನ್ನು ದಾಖಲಿಸುವ ಬೈನರಿ ಲಾಗ್‌ಗೂ ಹೀಗೇ, ಕೈಯಿಂದ ಫೈಲ್ ಅಳಿಸಬಾರದು. ಅದಕ್ಕೆಂದೇ ಪರ್ಜ್ ಎಂಬ ಕಮಾಂಡ್ ಇದೆ. ಅದನ್ನು ಕೊಡುವ ಮುಂಚೆ ರೆಪ್ಲಿಕಾಗಳೆಲ್ಲ ಎಲ್ಲಿಯವರೆಗೆ ಓದಿ ಮುಗಿಸಿವೆ ಎಂದು ನೋಡಿಕೊಳ್ಳಿ.