ಅಂಗಡೀಲಿ ಬಿಲ್ ಕೊಟ್ಟು ಮಾರ್ತಾರೆ, ಕೆಲಸಕ್ಕೆ ಹೋದ್ರೆ ಟೆಸ್ಟ್ ಮಾಡ್ತಾರೆ: ಗಾಂಜಾ ಟೆಸ್ಟಿನ ಗೋಜಲು ಶುರುವಾಗಿದ್ದು ಎಲ್ಲಿಂದ

ಮಂಡ್ಯದಿಂದ ನಮ್ಮಕ್ಕ ಬೆಳಿಗ್ಗೆ ಆರು ಗಂಟೆಗೇ ಫೋನ್ ಮಾಡಿದ್ಲು. ಮಗ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರಲ್ಲಿದ್ದಾನೆ, ಹೊಸ ಕಂಪನಿ ಆಫರ್ ಲೆಟರ್ ಕೊಟ್ಟಿತ್ತು, ಹಳೇದಕ್ಕೆ ರಿಸೈನ್ ಮಾಡೂ ಆಗಿತ್ತು, ಆಮೇಲೆ ಯೂರಿನ್ ಟೆಸ್ಟ್ ಅಂದ್ರು, ಕೊಟ್ಟ, ಗಾಂಜಾ ಪಾಸಿಟಿವ್ ಬಂತು, ಆಫರ್ ವಾಪಸ್ ತಗೊಂಡ್ರು. ನಿದ್ದೆ ಬರಲ್ಲ ಅಂತ ವಾರದಲ್ಲಿ ಮೂರ್ನಾಲ್ಕು ರಾತ್ರಿ ಗಮ್ಮಿ, ಅಂದ್ರೆ ಗಾಂಜಾ ಹಾಕಿದ ಜೆಲ್ಲಿ ಮಿಠಾಯಿ, ತಿಂತಿದ್ನಂತೆ, ಅಲ್ಲಿ ಲೈಸೆನ್ಸ್ ಇರೋ ಅಂಗಡೀಲೇ ಸಿಗುತ್ತೆ, ಐಡಿ ತೋರಿಸಿ ಬಿಲ್ ಹಾಕಿಸ್ಕೊಂಡು ತಗೊಂಡಿದ್ದು. ಅಕ್ಕ ಅತ್ಕೊಂಡೇ ಕೇಳಿದ್ಲು, "ಸರ್ಕಾರವೇ ಮಾರೋಕೆ ಬಿಟ್ಟಿರೋದನ್ನ ತಿಂದ್ರೆ ತಪ್ಪು ಹೆಂಗಾಯ್ತಪ್ಪ?"

ಅವಳಿಗೆ ಫೋನಲ್ಲಿ ಉತ್ತರ ಹೇಳಕ್ಕಾಗ್ಲಿಲ್ಲ. ಮೈಸೂರು ಮಂಡ್ಯ ಕಡೆ ಬೀದಿಗೊಂದು ಮನೆಯಿಂದ ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದಾರೆ, ಈ ಪ್ರಶ್ನೆ ಇವತ್ತು ನಮ್ಮಕ್ಕಂದು, ನಾಳೆ ಇನ್ಯಾರದೋ. ಅದಕ್ಕೆ ಕೂತು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಭಂಗಿ ಸೊಪ್ಪು ನಮ್ಮ ಊರುಗಳಿಗೆ ಹೊಸದಲ್ಲ, ಬ್ರಿಟಿಷರು 1893-94ರಲ್ಲಿ ಇದರ ಮೇಲೆ ದೊಡ್ಡ ಆಯೋಗವನ್ನೇ ಕೂರಿಸಿ ಪೂರ್ತಿ ನಿಷೇಧ ಬೇಡ ಅಂತ ವರದಿ ತರಿಸ್ಕೊಂಡಿದ್ರು, ಅಮೆರಿಕ 1970ರ ಕಾಯ್ದೆಯಲ್ಲಿ ಇದನ್ನ ಹೆರಾಯಿನ್ ಜೊತೆ ಅತಿ ಬಿಗಿ ನಿಯಂತ್ರಣದ ಒಂದನೇ ಪಟ್ಟಿಗೆ ಸೇರಿಸ್ತು, ನಾವು 1985ರಲ್ಲಿ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ ತಂದು ಗಾಂಜಾ ಚರಸ್ ಎರಡನ್ನೂ ಅಪರಾಧ ಮಾಡಿದ್ವಿ, ಬರೀ ಎಲೆ ಮಾತ್ರ ಆ ವ್ಯಾಖ್ಯಾನದಿಂದ ಹೊರಗುಳೀತು. ಕಾನೂನಿನ ಕಥೆ ಇಷ್ಟು. ಕೆಲಸದ ಜಾಗಕ್ಕೆ ಟೆಸ್ಟ್ ಬಂದಿದ್ದು ಬೇರೆ ದಾರೀಲಿ.

1981ರ ಮೇನಲ್ಲಿ ಅಮೆರಿಕದ ನಿಮಿಟ್ಜ್ ಅನ್ನೋ ಯುದ್ಧನೌಕೆ ಮೇಲೆ ವಿಮಾನ ಅಪ್ಪಳಿಸಿ 14 ಜನ ಸತ್ರು, ಸತ್ತವರಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ತು, ಅಲ್ಲಿಂದ ಸೇನೆಯಲ್ಲಿ ಟೆಸ್ಟಿಂಗ್ ಜೋರಾಯ್ತು. 1986ರಲ್ಲಿ ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರದ ನೌಕರರು ಡ್ಯೂಟಿಯಲ್ಲಿರ್ಲಿ ಇಲ್ಲದೇ ಇರ್ಲಿ ಡ್ರಗ್ಸ್ ಮುಟ್ಟಬಾರದು ಅಂತ ಆದೇಶ ಹೊರಡಿಸಿದ್ರು. ಮರುವರ್ಷ ಜನವರಿಯಲ್ಲಿ ಮೇರಿಲ್ಯಾಂಡಿನ ಚೇಸ್ ಹತ್ರ ಸಿಗ್ನಲ್ ದಾಟಿ ಬಂದ ಎಂಜಿನ್‌ಗಳಿಗೆ ಪ್ಯಾಸೆಂಜರ್ ರೈಲು ಗುದ್ದಿ 16 ಜನ ಸತ್ರು, ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ರು ಅಂತ ತನಿಖೆಯಲ್ಲಿ ಬಂತು. ಇಂಥದ್ದು ನಡೆದ ಮೇಲೆ ಬೇಡ ಅನ್ನೋರು ಯಾರು? 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರೈಲ್ವೆ ನೌಕರರ ಟೆಸ್ಟಿಂಗ್ ಸರಿ ಅಂತು, 1991ರಲ್ಲಿ ಲಾರಿ, ರೈಲು, ವಿಮಾನ ನಡೆಸೋರಿಗೆಲ್ಲ ಟೆಸ್ಟ್ ಕಡ್ಡಾಯ ಮಾಡೋ ಕಾಯ್ದೆ ಬಂತು. ಕಾನೂನು ಕೇಳದೇ ಇದ್ದ ಕಡೆಯೂ, ಆಫೀಸು ಗೋಡೌನು ಅಂಗಡಿಗಳಲ್ಲೂ, ಪ್ರೈವೇಟ್ ಕಂಪನಿಗಳು ಅದೇ ಟೆಸ್ಟನ್ನ ಇಟ್ಕೊಂಡ್ವು.

ಇಲ್ಲಿ ಒಂದು ವಿಷಯ ಗಮನಿಸ್ಬೇಕು. ಆಗ ಗಾಂಜಾ ಅಲ್ಲಿ ದೇಶಾದ್ಯಂತ ಅಪರಾಧ. ಹಾಗಾಗಿ ನಿನ್ನೆ ಸೇದಿದ್ನಾ, ಹದಿನೈದು ದಿನದ ಹಿಂದೆ ಸೇದಿದ್ನಾ ಅನ್ನೋದು ಯಾರಿಗೂ ಮುಖ್ಯ ಆಗಿರ್ಲಿಲ್ಲ, ಯಾವಾಗ ಸೇದಿದ್ರೂ ತಪ್ಪೇ. ಯಾವತ್ತಾದ್ರೂ ಸೇದಿದ್ನಾ ಅನ್ನೋ ಪ್ರಶ್ನೆಗೆ ಅಂತಲೇ ಟೆಸ್ಟನ್ನ ಕಟ್ಟಿದ್ದು.

ಟೆಸ್ಟ್ ಹೇಗೆ ನಡೆಯುತ್ತೆ ಅಂತ ಅಕ್ಕನ ಮಗ ಹೇಳಿದ್ದು ಕೇಳಿ ನನಗೆ ಹೊಟ್ಟೆ ಹಿಂಡಿದ ಹಾಗಾಯ್ತು. ಐಡಿ ತೋರಿಸ್ಬೇಕು, ಜೇಬೆಲ್ಲ ಖಾಲಿ ಮಾಡ್ಬೇಕು, ಟಾಯ್ಲೆಟ್ ನೀರಿಗೆ ನೀಲಿ ಬಣ್ಣ ಹಾಕಿರ್ತಾರೆ ಯಾರೂ ಯೂರಿನ್ ಕಪ್ಪಿಗೆ ನೀರು ಬೆರೆಸಬಾರದು ಅಂತ, ನಲ್ಲಿ ಬಂದ್ ಮಾಡಿರ್ತಾರೆ, ಹೊರಗೆ ಬಂದ ತಕ್ಷಣ ಕಪ್ಪಿನ ಮೇಲಿರೋ ಪಟ್ಟಿ ನೋಡಿ ಬಿಸಿ ಇದ್ಯಾ ಅಂತ ಚೆಕ್ ಮಾಡ್ತಾರೆ. ಅಲ್ಲಿನ ಸರ್ಕಾರಿ ನಿಯಮದ ಪ್ರಕಾರ ನಾಲ್ಕು ನಿಮಿಷದೊಳಗೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ತೋರಿಸ್ಬೇಕು. ಆಮೇಲೆ ಅವನ ಕಣ್ಣೆದುರೇ ಸೀಲ್ ಮಾಡಿ ಸಹಿ ಹಾಕಿಸ್ಕೊಂಡ್ರಂತೆ. "ಮಾವ, ಕಳ್ಳನ ಥರ ನಿಂತಿದ್ದೆ" ಅಂದ.

ಲ್ಯಾಬಲ್ಲಿ ಹುಡುಕೋದು ಏನನ್ನ ಅನ್ನೋದೇ ಗಂಟು. ಅಮಲು ಕೊಡೋದು ಟಿಎಚ್‌ಸಿ. ಅದು ಲಿವರ್‌ಗೆ ಹೋಗಿ ಒಡೆದು ಕೊನೆಗೆ ಟಿಎಚ್‌ಸಿ-ಸಿಒಒಎಚ್ ಅನ್ನೋ ಇನ್ನೊಂದು ಪದಾರ್ಥ ಆಗುತ್ತೆ, ಅದಕ್ಕೆ ಅಮಲೇ ಇಲ್ಲ, ಯೂರಿನ್ ಟೆಸ್ಟ್ ಹಿಡಿಯೋದು ಇದನ್ನ. ಮೊದಲ ಸುತ್ತಲ್ಲಿ ಒಂದು ಮಿಲಿಲೀಟರಿಗೆ 50 ನ್ಯಾನೋಗ್ರಾಂ ದಾಟಿದ್ರೆ ಎರಡನೇ ಸುತ್ತಿಗೆ ಹೋಗುತ್ತೆ, ಅಲ್ಲಿ 15 ನ್ಯಾನೋಗ್ರಾಂ ಮುಟ್ಟಿದ್ರೆ ಪಾಸಿಟಿವ್. ಟಿಎಚ್‌ಸಿ ಕೊಬ್ಬಲ್ಲಿ ಕರಗೋ ವಸ್ತು, ಮೈಯೊಳಗಿನ ಕೊಬ್ಬಲ್ಲಿ ಕೂತ್ಕೊಂಡು ನಿಧಾನಕ್ಕೆ ಇಳಿದು ಬರ್ತಿರುತ್ತೆ. ಯಾವತ್ತೋ ಒಂದು ಸಲ ಸೇದಿದವನಿಗೆ ಮೂರ್ನಾಲ್ಕು ದಿನದಲ್ಲಿ ಮುಗಿದ್ರೆ ದಿನಾ ತಗೊಳೋನಿಗೆ ತಿಂಗಳಾದ್ರೂ ಪಾಸಿಟಿವ್ ಬರಬಹುದು. ಅಂದ್ರೆ ರಿಪೋರ್ಟ್ ಹೇಳೋದು ಈ ಮನುಷ್ಯ ಯಾವಾಗ್ಲೋ ತಗೊಂಡಿದ್ದಾನೆ ಅಂತ ಅಷ್ಟೇ, ಇವತ್ತು ಬೆಳಿಗ್ಗೆ ಅವನ ತಲೆ ನೆಟ್ಟಗಿತ್ತಾ ಅನ್ನೋದು ಅದರಲ್ಲಿ ಇರೋದೇ ಇಲ್ಲ.

ನಮ್ಮಲ್ಲಿ ಡ್ಯೂಟಿಗೆ ಸಹಿ ಹಾಕೋ ಮೊದಲು ಲೋಕೋ ಪೈಲಟ್ಟು ಮೆಷಿನ್‌ಗೆ ಊದ್ತಾರಲ್ಲ ಅದನ್ನ ನೆನಸ್ಕೊಳ್ಳಿ. ಉಸಿರಲ್ಲಿರೋ ಆಲ್ಕೋಹಾಲ್ ರಕ್ತದಲ್ಲಿರೋದನ್ನ ಹೇಳುತ್ತೆ, ರಕ್ತದಲ್ಲಿರೋದು ಈಗ ಎಷ್ಟು ಅಮಲಿದೆ ಅನ್ನೋದನ್ನ ಸುಮಾರಾಗಿ ಹೇಳುತ್ತೆ, ನಮ್ಮ ರಸ್ತೆ ಕಾನೂನಲ್ಲೂ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಅಂತ ಗೆರೆ ಇದೆ. ಶನಿವಾರ ಮದುವೆ ಮನೇಲಿ ಕುಡಿದೋನು ಸೋಮವಾರ ಊದಿದ್ರೆ ಏನೂ ಬರಲ್ಲ. ಗಾಂಜಾಕ್ಕೆ ಅಂಥ ಗೆರೆ ಎಳೆಯೋದು ಕಷ್ಟ ಆಗಿದೆ, ಕೊಲೊರಾಡೊದಲ್ಲಿ ಗಾಡಿ ಓಡಿಸೋರ ಒಂದು ಮಿಲಿಲೀಟರ್ ರಕ್ತಕ್ಕೆ 5 ನ್ಯಾನೋಗ್ರಾಂ ಟಿಎಚ್‌ಸಿ ಅಂತ ಇಟ್ಟಿದ್ದಾರೆ, ಆದ್ರೆ ದಿನಾ ತಗೊಳೋರಲ್ಲಿ ಅಮಲು ಇಳಿದ ಮೇಲೂ ಅಷ್ಟು ಉಳ್ಕೊಂಡಿರಬಹುದು.

ಈಗ ಕಾನೂನು ಬದಲಾದ ಕಾಲಕ್ಕೆ ಬರೋಣ. 1996ರಲ್ಲಿ ಕ್ಯಾಲಿಫೋರ್ನಿಯಾ ಜನ ಓಟ್ ಹಾಕಿ ಔಷಧಿಗೆ ಅಂತ ಗಾಂಜಾ ಬಿಟ್ರು. ಡಾಕ್ಟರ್ ಹೇಳಿದ್ರು ಅಂತ ಬೆನ್ನುನೋವಿಗೆ ತಗೊಳ್ತಿದ್ದ ಗ್ಯಾರಿ ರಾಸ್ ಅನ್ನೋ ಕಂಪ್ಯೂಟರ್ ನೌಕರನ್ನ ಟೆಸ್ಟ್ ಪಾಸಿಟಿವ್ ಬಂತು ಅಂತ ಕೆಲಸದಿಂದ ತೆಗೆದ್ರು, ಅವನು ಕೋರ್ಟಿಗೆ ಹೋದ, 2008ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ ಆ ಕಾನೂನು ನಿನ್ನ ಜೈಲಿಂದ ಉಳಿಸುತ್ತೆ, ಕೆಲಸ ಉಳಿಸಲ್ಲ. 2012ರಲ್ಲಿ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳು ಔಷಧಿ ಅನ್ನೋ ನೆಪ ಇಲ್ದೆ ವಯಸ್ಕರಿಗೆಲ್ಲ ಬಿಟ್ವು.

ಕೊಲೊರಾಡೊದ್ದೇ ಬ್ರ್ಯಾಂಡನ್ ಕೋಟ್ಸ್ ಕೇಸು, ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಹುಡುಗನಾಗಿದ್ದಾಗ ಕಾರ್ ಆಕ್ಸಿಡೆಂಟಲ್ಲಿ ಕೈಕಾಲು ಸ್ವಾಧೀನ ತಪ್ಪಿ ವೀಲ್‌ಚೇರ್ ಸೇರಿದೋನು, ಒಂದು ಟಿವಿ ಕಂಪನಿಗೆ ಫೋನಲ್ಲಿ ಗ್ರಾಹಕರ ದೂರು ಕೇಳೋ ಕೆಲಸ. ಮೈ ಸೆಳೆತಕ್ಕೆ ರಾಜ್ಯದ ಪರ್ಮಿಟ್ ಇಟ್ಕೊಂಡು ಡ್ಯೂಟಿ ಮುಗಿದ ಮೇಲೆ ಮನೇಲಿ ಗಾಂಜಾ ತಗೊಳ್ತಿದ್ದ. 2010ರಲ್ಲಿ ರ‍್ಯಾಂಡಮ್ ಟೆಸ್ಟಲ್ಲಿ ಸಿಕ್ಕಿ ಕೆಲಸ ಹೋಯ್ತು, ಅಮಲಲ್ಲಿ ಕೆಲಸಕ್ಕೆ ಬಂದ ಅಂತ ಯಾರೂ ಹೇಳ್ಲಿಲ್ಲ. ಅಲ್ಲಿ ಒಂದು ಕಾನೂನಿದೆ, ಡ್ಯೂಟಿ ಮುಗಿದ ಮೇಲೆ ಕಾನೂನುಬದ್ಧವಾಗಿ ಏನು ಮಾಡಿದ್ರೂ ಅದಕ್ಕೋಸ್ಕರ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ. 2015ರ ಜೂನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾನೂನುಬದ್ಧ ಅನ್ನೋ ಒಂದು ಪದ ಹಿಡಿದು ಕೇಸ್ ಮುಗಿಸ್ತು. ರಾಜ್ಯದ ಕಾನೂನೂ ಒಪ್ಪಬೇಕು ಕೇಂದ್ರದ ಕಾನೂನೂ ಒಪ್ಪಬೇಕು, ಕೇಂದ್ರ ಒಪ್ಪಿಲ್ಲ, ಆದ್ದರಿಂದ ಕಂಪನಿ ಮಾಡಿದ್ದು ಸರಿ. ನಮ್ಮಕ್ಕನ ಪ್ರಶ್ನೆಗೆ ಉತ್ತರ ಈ ತೀರ್ಪಲ್ಲಿದೆ. ಮಾರೋಕೆ ಬಿಟ್ಟಿರೋದು ರಾಜ್ಯ ಸರ್ಕಾರ, ಪಟ್ಟಿಯಿಂದ ತೆಗೆಯದೇ ಇರೋದು ಕೇಂದ್ರ, ಹುಡುಗ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡ.

ಎಲ್ಲ ಕಡೆ ಹಾಗೇ ಉಳೀಲಿಲ್ಲ. 2017ರಲ್ಲಿ ಮ್ಯಾಸಚೂಸೆಟ್ಸ್ ಕೋರ್ಟ್ ಕರುಳಿನ ಕಾಯಿಲೆಗೆ ಗಾಂಜಾ ತಗೊಳ್ತಿದ್ದ ಹೆಂಗಸಿನ ಕೇಸಲ್ಲಿ, ಅಂಗವೈಕಲ್ಯದ ಕಾನೂನಿನಡಿ ಅವಳು ಕಂಪನಿ ಮೇಲೆ ದಾವೆ ಹೂಡಬಹುದು ಅಂತು. 2020ರಿಂದ ನೆವಾಡಾದಲ್ಲಿ ಗಾಂಜಾ ಪಾಸಿಟಿವ್ ಅನ್ನೋ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸೋ ಹಾಗಿಲ್ಲ, ಡ್ರೈವರ್, ಬೆಂಕಿ ನಂದಿಸೋರು ಥರದವರನ್ನ ಬಿಟ್ಟು. 2021ರಲ್ಲಿ ನ್ಯೂಯಾರ್ಕ್ ಕೂಡ ಅದೇ ದಾರಿ ಹಿಡೀತು, ಅದೇ ವರ್ಷ ಅಮೆಜಾನ್ ಕೇಂದ್ರದ ಸಾರಿಗೆ ನಿಯಮಕ್ಕೆ ಒಳಪಡದ ಕೆಲಸಗಳಿಗೆ ಗಾಂಜಾ ನೋಡೋದನ್ನ ಬಿಡ್ತು. ನನಗೆ ಎಲ್ಲಕ್ಕಿಂತ ಸಮಾಧಾನ ತಂದಿದ್ದು ಕ್ಯಾಲಿಫೋರ್ನಿಯಾದ ಕಾನೂನು, 2024ರ ಜನವರಿ 1ರಿಂದ ಜಾರಿ. ಅಮಲಿಲ್ಲದ ಆ ಪದಾರ್ಥ ಯೂರಿನ್ನಲ್ಲೋ ಕೂದಲಲ್ಲೋ ಸಿಕ್ತು ಅಂತ ಶಿಕ್ಷೆ ಕೊಡಬೇಡಿ ಅಂತ ಅದರಲ್ಲಿದೆ, ಕಟ್ಟಡ ಕೆಲಸ ಮತ್ತೆ ಕೇಂದ್ರದ ಕ್ಲಿಯರೆನ್ಸ್ ಬೇಕಾದ ಕೆಲಸಗಳನ್ನ ಬಿಟ್ಟು. ಕೆಲಸದ ಹೊತ್ತಲ್ಲಿ ಅಮಲಲ್ಲಿ ಬಂದ್ರೆ ತೆಗೆಯೋ ಹಕ್ಕು ಕಂಪನಿಗೆ ಹಾಗೇ ಇದೆ. ಲ್ಯಾಬಿನ ವಿಚಾರ ಕೊನೆಗೂ ಕಾನೂನಿನೊಳಗೆ ಬಂತು ಅನ್ನಿಸ್ತು ನನಗೆ.

ಹಾಗಂತ ಎಲ್ಲರಿಗೂ ಟೆಸ್ಟ್ ಬೇಡ ಅನ್ನೋನಲ್ಲ ನಾನು. ಬಸ್ಸಲ್ಲಿ ಕೂತಾಗ ಡ್ರೈವರ್ ನೆಟ್ಟಗಿರ್ಬೇಕು ಅಂತ ನಾನೂ ಬಯಸ್ತೀನಿ. ಅಮೆರಿಕದಲ್ಲಿ ಲಾರಿ, ರೈಲು, ವಿಮಾನದೋರಿಗೆ ಯಾವ ರಾಜ್ಯದಲ್ಲಿದ್ರೂ ವಿನಾಯಿತಿ ಇಲ್ಲ. 2023ರಲ್ಲಿ ಅವರಿಗೆ ಎಂಜಲು ಟೆಸ್ಟಿಗೂ ಅನುಮತಿ ಕೊಟ್ಟು ನಿಯಮ ಬಂತು, ಅದು ಟಿಎಚ್‌ಸಿಯನ್ನೇ ಹುಡುಕುತ್ತೆ, ಸಾಮಾನ್ಯವಾಗಿ ಒಂದೆರಡು ದಿನದ ಹಿಂದಿನದನ್ನ ಮಾತ್ರ ಹಿಡಿಯುತ್ತೆ, ಅದು ಎಷ್ಟೋ ವಾಸಿ. ಆದ್ರೆ ಕಂಪ್ಯೂಟರ್ ಮುಂದೆ ಕೂರೋನಿಗೂ ಪೈಲಟ್ಟಿಗೂ ಒಂದೇ ಕಪ್ಪು ಕೊಡೋದು ಯಾವ ನ್ಯಾಯ ಅಂತ ನನಗೆ ಅರ್ಥ ಆಗಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟ ಇದೆ, ಇದನ್ನ ಅಲ್ಲಿನ ಸ್ನೇಹಿತರು ಹೇಳಿಕೊಡಲ್ಲ, ಯಾಕಂದ್ರೆ ಅವರು ಅಲ್ಲಿನ ಪ್ರಜೆಗಳು. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲ ಕೇಂದ್ರದ ಕೈಯಲ್ಲಿರೋದು. 2019ರ ಏಪ್ರಿಲಲ್ಲಿ ಅಲ್ಲಿನ ವಲಸೆ ಇಲಾಖೆ, ರಾಜ್ಯದಲ್ಲಿ ಲೀಗಲ್ ಆಗಿದ್ರೂ ಗಾಂಜಾ ಬಳಕೆ ಪೌರತ್ವಕ್ಕೆ ಅಡ್ಡಿ ಆಗಬಹುದು ಅಂತ ಸ್ಪಷ್ಟ ಮಾಡಿದೆ. ಅದರ ಅಂಗಡೀಲಿ ಕೆಲಸ ಮಾಡಿದ್ರೂ ಅಷ್ಟೇ. 2024ರ ಮೇನಲ್ಲಿ ಗಾಂಜಾನ ಒಂದನೇ ಪಟ್ಟಿಯಿಂದ ಮೂರನೇದಕ್ಕೆ ಇಳಿಸೋ ಪ್ರಸ್ತಾಪ ಹೊರಟಿತು, ಆದ್ರೆ ಮೂರನೇ ಪಟ್ಟಿಯೂ ನಿಯಂತ್ರಣದ ಪಟ್ಟಿಯೇ.

ಅಕ್ಕನಿಗೆ ಭಾನುವಾರ ಮಂಡ್ಯಕ್ಕೆ ಹೋಗಿ ಎದುರು ಕೂತು ಇದನ್ನೆಲ್ಲ ಹೇಳ್ದೆ. ಸುಮ್ನೆ ಕೇಳಿಸ್ಕೊಂಡು ಕಾಫಿ ಲೋಟ ಎತ್ಕೊಂಡು ಒಳಗೆ ಹೋದ್ಲು. ಹುಡುಗ ಗಮ್ಮಿ ಬಿಟ್ಟು ಐದು ವಾರ ಆಯ್ತು, ನಿದ್ದೆ ಮತ್ತೆ ಸರಿಯಾಗಿ ಬರ್ತಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಒಂದು ಇಂಟರ್‌ವ್ಯೂ ಇದೆ ಮುಂದಿನ ವಾರ. ಗ್ರೀನ್ ಕಾರ್ಡ್ ಅರ್ಜಿ ಹಾಕೋದು ಇನ್ನೂ ಬಾಕಿ, ಆ ಫಾರ್ಮಲ್ಲಿ ಡ್ರಗ್ಸ್ ಕಾನೂನು ಯಾವತ್ತಾದ್ರೂ ಮೀರಿದ್ದೀಯಾ ಅಂತ ಒಂದು ಪ್ರಶ್ನೆ ಇದೆ, ಅದಕ್ಕೆ ಏನು ಬರೀಬೇಕು ಅಂತ ಕೇಳೋಕೆ ವಕೀಲರ ಅಪಾಯಿಂಟ್‌ಮೆಂಟ್ ತಗೊಂಡಿದ್ದಾನೆ.